ಅಲಂಕಾರದ ಆಲಿಯಂ: ಈರುಳ್ಳಿ ಬಳಗದ ಈ ಹೂಗಡ್ಡೆಗಳಿಗೆ ಚಳಿಗಾಲ ಏಕೆ ಬೇಕು, ಅದನ್ನು ದಾಟಿಸುವುದು ಹೇಗೆ

ಸೆಪ್ಟೆಂಬರ್ ಬರುತ್ತಿದ್ದಂತೆ ಅಮೆರಿಕ, ಕೆನಡಾ, ಬ್ರಿಟನ್, ಜರ್ಮನಿಯ ತೋಟದಂಗಡಿಗಳಲ್ಲಿ ಬಲೆಚೀಲದ ಗಡ್ಡೆಗಳು ರಾಶಿ ಬೀಳುತ್ತವೆ. ಚೀಲದ ಮೇಲಿನ ಚಿತ್ರದಲ್ಲಿ ಎದೆಮಟ್ಟದ ದಂಟು, ಅದರ ತುದಿಗೆ ನೇರಳೆ ಬಣ್ಣದ ಚೆಂಡು. ಮೂಸಿದರೆ ಈರುಳ್ಳಿಯ ವಾಸನೆ. ಹಿತ್ತಿಲಿರುವ ಮನೆ ಕೊಂಡ ಕನ್ನಡಿಗರು ನ್ಯೂಜೆರ್ಸಿಯಲ್ಲೋ ಟೊರಾಂಟೊದಲ್ಲೋ ಇದನ್ನು ಕೈಗೆತ್ತಿಕೊಂಡಾಗ ಸಹಜವಾಗಿ ಏಳುವ ಪ್ರಶ್ನೆ ಒಂದೇ: ಇನ್ನೆರಡು ತಿಂಗಳಲ್ಲಿ ನೆಲ ಕಲ್ಲಾಗುತ್ತದೆ, ಈಗ ನೆಟ್ಟರೆ ಸತ್ತುಹೋಗುವುದಿಲ್ಲವೇ? ಚಳಿ ಕಳೆದ ಮೇಲೆ ಏಪ್ರಿಲ್‌ನಲ್ಲಿ ನೆಡಬಾರದೇ?

ಏಪ್ರಿಲ್‌ನಲ್ಲಿ ನೆಟ್ಟರೆ ನಾಲ್ಕು ಎಲೆ ಬಂದೀತು, ಹೂ ಬರುವುದಿಲ್ಲ. ಈ ಗಡ್ಡೆಗಳು ಅರಳಬೇಕಾದರೆ ತಿಂಗಳುಗಟ್ಟಲೆ ಚಳಿ ಉಣ್ಣಲೇಬೇಕು. ಚಳಿಗಾಲದಲ್ಲಿ ಸತ್ತ ಗಡ್ಡೆಗಳನ್ನು ಅಗೆದು ನೋಡಿದರೆ ಬಹುಪಾಲು ಸಾವಿಗೆ ಕಾರಣ ಬುಡದಲ್ಲಿ ನಿಂತ ನೀರು. ಈ ಎರಡು ಸಂಗತಿ ಅರ್ಥವಾದರೆ ಯಾವ ಗಡ್ಡೆಯನ್ನು ಎಷ್ಟು ಆಳ ಇಡಬೇಕು, ಯಾವಾಗ ಹೊದಿಸಬೇಕು, ಯಾವಾಗ ನೀರು ನಿಲ್ಲಿಸಬೇಕು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ.

ಇವುಗಳ ತವರು

ನಾವು ಅಡುಗೆಗೆ ಬಳಸುವ ಈರುಳ್ಳಿ, ಬೆಳ್ಳುಳ್ಳಿ ಎರಡೂ ಆಲಿಯಂ ಎಂಬ ಕುಲಕ್ಕೆ ಸೇರಿದವು. ಈ ಕುಲದಲ್ಲಿ 900ಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚುಕಡಿಮೆ ಎಲ್ಲವೂ ಉತ್ತರ ಗೋಲಾರ್ಧದವು. ಬೀಜಕ್ಕೆಂದು ಬಿಟ್ಟ ಉಳ್ಳಾಗಡ್ಡಿಯ ಹೊಲವನ್ನು ಗದಗ, ಬಾಗಲಕೋಟೆ ಕಡೆ ನೋಡಿದವರಿಗೆ ಈ ಹೂವಿನ ರಚನೆ ಹೊಸದಲ್ಲ. ಎಲೆಯಿಲ್ಲದ ಒಂದೇ ದಂಟು, ತುದಿಯಲ್ಲಿ ತೆಳುಪೊರೆಯ ಚೀಲ, ಅದು ಒಡೆದಾಗ ಒಂದೇ ಬಿಂದುವಿನಿಂದ ನಾಲ್ಕೂ ಕಡೆಗೆ ಚಾಚಿದ ಸಣ್ಣ ತೊಟ್ಟುಗಳು, ಪ್ರತಿ ತೊಟ್ಟಿಗೊಂದು ಆರು ದಳದ ಹೂ. ಅಲಂಕಾರದ ಜಾತಿಗಳಲ್ಲಿ ಇದೇ ರಚನೆ ಹಿಗ್ಗಿ, ಬಣ್ಣ ತುಂಬಿಕೊಂಡಿರುತ್ತದೆ.

ದೊಡ್ಡ ಚೆಂಡಿನ ಜಾತಿಗಳ ತವರು ಮಧ್ಯ ಏಷ್ಯಾ ಮತ್ತು ಅದಕ್ಕೆ ಹೊಂದಿದ ಇರಾನ್, ಅಫ್ಘಾನಿಸ್ತಾನದ ಬೆಟ್ಟಗಳು: ತಿಯಾನ್ ಶಾನ್, ಪಾಮಿರ್–ಅಲಾಯ್, ಕೋಪೆತ್ ದಾಗ್. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಸಸ್ಯೋದ್ಯಾನದಲ್ಲಿದ್ದ ಎಡ್ವರ್ಡ್ ರೇಗೆಲ್ ಅಲ್ಲಿಂದ ಬಂದ ಅನೇಕ ಗಡ್ಡೆಗಳಿಗೆ ಹೆಸರಿಟ್ಟರು. ಆಳೆತ್ತರ ಬೆಳೆಯುವ ಗೈಗ್ಯಾಂಟಿಯಂ, ಬೂದುಹಸಿರಿನ ಅಗಲ ಎಲೆಯ ಕರಾತಾವಿಯೆನ್ಸ್ ಎರಡೂ ಅವರು ವರ್ಣಿಸಿದವೇ. ಕರಾತಾವಿಯೆನ್ಸ್ ಎಂಬ ಹೆಸರು ಕಜಕಿಸ್ತಾನದ ಕರಾತಾವ್ ಬೆಟ್ಟಸಾಲಿನಿಂದ ಬಂತು. ಇವತ್ತು ಅಂಗಡಿಗೆ ಬರುವ ಗಡ್ಡೆಗಳಲ್ಲಿ ಹೆಚ್ಚಿನವು ನೆದರ್‌ಲ್ಯಾಂಡ್ಸ್‌ನ ಹೊಲಗಳಲ್ಲಿ ಬೆಳೆದವು.

ಆ ಬೆಟ್ಟಗಳ ಹವೆಯೇ ಗಿಡದ ದಿನಚರಿಯನ್ನು ಬರೆದಿದೆ. ಚಳಿಗಾಲದಲ್ಲಿ ಕಡುಚಳಿ, ಮೇಲೆ ಹಿಮದ ಹೊದಿಕೆ. ಮಾರ್ಚ್–ಏಪ್ರಿಲ್‌ನಲ್ಲಿ ಹಿಮ ಕರಗಿ ಧಾರಾಳ ನೀರು. ಜೂನ್ ಹೊತ್ತಿಗೆ ಮಳೆ ನಿಂತು ಇಳಿಜಾರು ಸುಟ್ಟುಹೋಗುತ್ತದೆ. ಅಕ್ಟೋಬರ್ ತನಕ ಹನಿ ನೀರಿಲ್ಲ. ಗಿಡ ಸಿಕ್ಕ ಎರಡೂವರೆ–ಮೂರು ತಿಂಗಳಲ್ಲಿ ಎಲೆ ಬಿಟ್ಟು, ಹೂ ಅರಳಿಸಿ, ಬೀಜ ಕಟ್ಟಿ, ಮುಂದಿನ ವರ್ಷದ ಗಡ್ಡೆಯನ್ನೂ ಹೊಸದಾಗಿ ಕಟ್ಟಿಕೊಂಡು ನೆಲದೊಳಕ್ಕೆ ಸರಿಯುತ್ತದೆ.

ಕೊಳ್ಳುವ ಮೊದಲು ಗುಂಪು ಗುರುತಿಸಿ

ಅಲಂಕಾರದ ಆಲಿಯಂಗಳಲ್ಲಿ ತೋಟಗಾರರ ಲೆಕ್ಕಕ್ಕೆ ಎರಡು ಗುಂಪು. ಮೊದಲನೆಯದು ಬೇಸಿಗೆಯಲ್ಲಿ ಮಲಗುವ ಗಡ್ಡೆಗಳು: ಗೈಗ್ಯಾಂಟಿಯಂ, ಕ್ರಿಸ್ಟೋಫಿ, ಕರಾತಾವಿಯೆನ್ಸ್, ಹಾಲ್ಯಾಂಡಿಕಂನಿಂದ ಆಯ್ದ ‘ಪರ್ಪಲ್ ಸೆನ್ಸೇಶನ್’, ಸ್ಟಿಪಿಟೇಟಂ ಬಳಗದ ಬಿಳಿ ‘ಮೌಂಟ್ ಎವರೆಸ್ಟ್’, ಆಕಾಶನೀಲಿಯ ಸೀರುಲಿಯಂ, ಮೊಟ್ಟೆಯಾಕಾರದ ಪುಟ್ಟ ಹೂಗುಚ್ಛದ ಸ್ಫೆರೋಸೆಫಲಾನ್. ಇವು ಒಣ ಗಡ್ಡೆಯಾಗಿ ಮಾರಾಟವಾಗುತ್ತವೆ, ಶರತ್ಕಾಲದಲ್ಲಿ ನೆಡಬೇಕು.

ಎರಡನೆಯದು ಚಳಿಗಾಲದಲ್ಲಿ ಮಲಗುವವು. ಇವುಗಳ ಬುಡ ನೆಲದಡಿಯ ಗಟ್ಟಿ ಕಾಂಡಕ್ಕೆ ಅಂಟಿಕೊಂಡಿದ್ದು ಹುಲ್ಲಿನ ಹಾಗೆ ತೆಂಡೆ ಕಟ್ಟುತ್ತವೆ. ಉತ್ತರ ಅಮೆರಿಕದ್ದೇ ಆದ, ಹೂ ತಲೆಬಾಗಿಸುವ ಸೆರ್ನುವಂ, ಸೈಬೀರಿಯದ ನೂಟಾನ್ಸ್, ಅಮೆರಿಕದ ಬಹುವಾರ್ಷಿಕ ಸಸ್ಯಗಳ ಸಂಘ 2018ರ ವರ್ಷದ ಗಿಡವೆಂದು ಆರಿಸಿದ ‘ಮಿಲೇನಿಯಂ’ ಈ ಗುಂಪಿನವು. ಇವನ್ನು ಕುಂಡದ ಗಿಡವಾಗಿಯೇ ಮಾರುತ್ತಾರೆ. ವಸಂತದಲ್ಲಿ ನೆಟ್ಟರೂ ಸರಿ, ಬೇಸಿಗೆಯಲ್ಲಿ ನೀರು ಬಿದ್ದರೂ ಸರಿ. ಮೊದಲ ಸಲ ಬೆಳೆಯುವವರಿಗೆ, ಜೇಡಿಮಣ್ಣಿನ ಹಿತ್ತಿಲಿನವರಿಗೆ ಇದೇ ಗುಂಪು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಇವುಗಳ ಆರೈಕೆ ಸುಲಭವಾದ್ದರಿಂದ ಇಲ್ಲಿಂದ ಮುಂದೆ ಮೊದಲ ಗುಂಪಿನ ಮಾತನ್ನೇ ಹೇಳುತ್ತೇನೆ.

ನೆಲದೊಳಗೆ ಚಳಿಗಾಲವಿಡೀ ನಡೆಯುವ ಕೆಲಸ

ಸೆಪ್ಟೆಂಬರ್‌ನಲ್ಲಿ ಒಂದು ‘ಪರ್ಪಲ್ ಸೆನ್ಸೇಶನ್’ ಗಡ್ಡೆಯನ್ನು ತುದಿಯಿಂದ ಬುಡದವರೆಗೆ ಸೀಳಿ. ಅಡುಗೆಯ ಈರುಳ್ಳಿಯಲ್ಲಿ ಕಾಣುವ ಪದರ ಪದರ ಇಲ್ಲಿ ಇಲ್ಲ. ದಪ್ಪನೆಯ ಬಿಳಿ ತಿರುಳು ಒಂದೆರಡು ಪದರವಷ್ಟೇ. ಬುಡದಲ್ಲಿ ಬಿಲ್ಲೆಯಂತಹ ಗಟ್ಟಿ ತಟ್ಟೆ, ಅದರ ಅಂಚಿನಲ್ಲಿ ಹೊರಬರಲು ಸಿದ್ಧವಾದ ಬೇರಿನ ಮೊಳಕೆಗಳು. ತಟ್ಟೆಯ ನಡುವೆ, ತಿರುಳಿನ ಮರೆಯಲ್ಲಿ, ಸುತ್ತಿಕೊಂಡ ಎಲೆಗಳ ನಡುವೆ ಒಂದು ಚಿಕ್ಕ ಉಬ್ಬು. ಅದೇ ಬರುವ ಮೇ ತಿಂಗಳ ಹೂ. ಬೇಸಿಗೆಯಲ್ಲಿ ಗಡ್ಡೆ ಬೆಚ್ಚಗೆ, ಒಣಗಿ ಮಲಗಿದ್ದಾಗಲೇ ಈ ಮೊಗ್ಗು ಮೂಡಿರುತ್ತದೆ.

ಮೊಗ್ಗು ಇದ್ದ ಮಾತ್ರಕ್ಕೆ ದಂಟು ಏಳುವುದಿಲ್ಲ. ಅದಕ್ಕೆ ಸುಮಾರು 4ರಿಂದ 9 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 12ರಿಂದ 16 ವಾರ ಕಳೆಯಬೇಕು. ಈ ಅವಧಿಯಲ್ಲಿ ಗಡ್ಡೆಯೊಳಗಿನ ಬೆಳವಣಿಗೆಯ ರಾಸಾಯನಿಕಗಳ ಸಮತೋಲ ಬದಲಾಗಿ, ದಂಟು ಉದ್ದಕ್ಕೆ ಚಾಚುವ ಶಕ್ತಿ ಪಡೆಯುತ್ತದೆ. ತಂಪು ಸಾಲದಿದ್ದರೆ ಮೊಗ್ಗು ಎಲೆಗಳ ನಡುವೆಯೇ ಸಿಕ್ಕಿಕೊಂಡು ಒಣಗುತ್ತದೆ, ಇಲ್ಲವೇ ಗೇಣುದ್ದದ ದಂಟಿನ ಮೇಲೆ ಸೊರಗಿದ ಹೂ ಬರುತ್ತದೆ. ಅಡುಗೆಯ ಈರುಳ್ಳಿಯ ಕ್ರಮ ತುಸು ಬೇರೆ. ಅದರಲ್ಲಿ ಹೂಮೊಗ್ಗು ಮೂಡುವುದೇ ತಂಪಿನಿಂದ, ನಮ್ಮ ಬಯಲುಸೀಮೆಯ ಡಿಸೆಂಬರ್–ಜನವರಿ ರಾತ್ರಿಗಳ ತಂಪೇ ಅಲ್ಲಿಯ ತಳಿಗಳಿಗೆ ಸಾಕಾಗುತ್ತದೆ. ಮಧ್ಯ ಏಷ್ಯಾದ ಗಡ್ಡೆಗಳಿಗೆ ಅಷ್ಟು ಸಾಲದು.

ತಂಪಿನಷ್ಟೇ ಮುಖ್ಯವಾದ ಇನ್ನೊಂದು ಕೆಲಸ ಬೇರಿನದು. ಮಣ್ಣಿನ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದು, ಸ್ವಲ್ಪ ತೇವ ತಾಕಿದೊಡನೆ ಬೇರು ಹೊರಡುತ್ತದೆ. ನೆಲ ಹೆಪ್ಪುಗಟ್ಟುವ ಮುಂಚೆ ನಾಲ್ಕಾರು ವಾರ ಸಿಕ್ಕರೆ ಬೇರು ಚೆನ್ನಾಗಿ ಇಳಿಯುತ್ತದೆ. ಮಾರ್ಚ್‌ನಲ್ಲಿ ಹಿಮ ಕರಗಿದಾಗ ಎಲೆ ಅಷ್ಟು ಬಿರುಸಾಗಿ ಏಳುವುದು ಈ ಬೇರಿನ ಬಲದಿಂದಲೇ. ನೆಡುವುದನ್ನು ತೀರ ತಡಮಾಡಿದವರ ಗಿಡ ಸಾಯದಿದ್ದರೂ ಕುಳ್ಳಗಾಗುವುದು ಬೇರು ಸಾಲದೆ.

ಮೈನಸ್ ಇಪ್ಪತ್ತರಲ್ಲೂ ಗಡ್ಡೆ ಒಡೆಯದಿರುವುದು ಹೇಗೆ

ಆಲಿಯಂ ಗಡ್ಡೆ ತನ್ನ ಆಹಾರವನ್ನು ಪಿಷ್ಟವಾಗಿ ಕೂಡಿಡುವುದಿಲ್ಲ. ಸಕ್ಕರೆಯ ಕೊಂಡಿಗಳು ಸೇರಿ ಆದ ಫ್ರಕ್ಟಾನ್ ಎಂಬ ರೂಪದಲ್ಲಿ ಇಡುತ್ತದೆ. ಚಳಿ ಏರಿದಂತೆ ಆ ಸರಪಳಿಗಳು ತುಂಡಾಗಿ ಬಿಡಿ ಸಕ್ಕರೆಯಾಗುತ್ತವೆ, ಜೀವಕೋಶದ ರಸ ಸಾಂದ್ರವಾಗುತ್ತದೆ. ಫ್ರೀಜರಿನಲ್ಲಿಟ್ಟ ನೀರು ಕಲ್ಲಾದರೂ ಪಕ್ಕದಲ್ಲಿಟ್ಟ ಜೋನಿಬೆಲ್ಲ ಮಂಜುಗಡ್ಡೆಯಾಗುವುದಿಲ್ಲವಲ್ಲ, ಹಾಗೆ.

ಅದೂ ಅಲ್ಲದೆ, ಗಾಳಿಯ ಚಳಿಯೇ ಬೇರೆ, ನೆಲದ ಚಳಿಯೇ ಬೇರೆ. ಮೇಲೆ 20–30 ಸೆಂಟಿಮೀಟರ್ ಹಿಮ ಕೂತಿದ್ದರೆ ಗಾಳಿ ಮೈನಸ್ 20ಕ್ಕೆ ಇಳಿದರೂ ಹಿಮದಡಿಯ ಮಣ್ಣು ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತದೆ, ಏಕೆಂದರೆ ಹಿಮದ ಹರಳುಗಳ ನಡುವೆ ಸಿಕ್ಕಿಬಿದ್ದ ಗಾಳಿ ಶಾಖವನ್ನು ಹೊರಬಿಡುವುದಿಲ್ಲ. ಹಿಮ ಬೀಳದ, ಬರಿಯ ಒಣ ಚಳಿಯ ವರ್ಷಗಳೇ ಹೆಚ್ಚು ಹಾನಿ ಮಾಡುತ್ತವೆ.

ಚೀಲದ ಮೇಲೆ ಬರೆದಿರುವ ವಲಯದ ಅಂಕಿ ಆ ಊರಿನ ಚಳಿಗಾಲದ ಅತಿ ಕಡಿಮೆ ಉಷ್ಣತೆಗಳ ಸರಾಸರಿಯನ್ನು ಹೇಳುತ್ತದೆ. ಅಮೆರಿಕದ ಕೃಷಿ ಇಲಾಖೆಯ ಈ ನಕ್ಷೆಯಲ್ಲಿ ವಲಯ 4 ಎಂದರೆ ಮೈನಸ್ 34ರಿಂದ ಮೈನಸ್ 29, ವಲಯ 5 ಎಂದರೆ ಮೈನಸ್ 29ರಿಂದ ಮೈನಸ್ 23, ವಲಯ 6 ಮೈನಸ್ 23ರಿಂದ ಮೈನಸ್ 18, ವಲಯ 7 ಮೈನಸ್ 18ರಿಂದ ಮೈನಸ್ 12. ‘ಪರ್ಪಲ್ ಸೆನ್ಸೇಶನ್’ ವಲಯ 4ರಲ್ಲೂ ಬದುಕುತ್ತದೆ. ಗೈಗ್ಯಾಂಟಿಯಂಗೆ ವಲಯ 6 ಸುರಕ್ಷಿತ. ಪಟಾಕಿ ಸಿಡಿದಂತೆ 30 ಸೆಂಟಿಮೀಟರಿಗೂ ಅಗಲ ಹರಡುವ ಶುಬರ್ಟಿ ಇಸ್ರೇಲ್, ಸಿರಿಯಾ, ಲೆಬನಾನ್ ಕಡೆಯದು. ಅದರ ಎಲೆ ಬೇಗ ಏಳುವುದರಿಂದ ಚಳಿ ಹೆಚ್ಚಿರುವ ಊರಿನಲ್ಲಿ ಪೆಟ್ಟು ತಿನ್ನುತ್ತದೆ. ಚೀಲದ ಮೇಲೆ ವಲಯ 5 ಎಂದು ಬರೆದಿದ್ದರೂ ಅದನ್ನು ವಲಯ 7ರ ಗಿಡವೆಂದೇ ನಡೆಸಿಕೊಳ್ಳುವುದು ಜಾಣತನ.

ನಿಜವಾದ ಅಪಾಯ: ಬುಡದಲ್ಲಿ ನಿಂತ ನೀರು

ಮಣ್ಣಿನ ಸಂದುಗಳಲ್ಲಿ ನೀರು ತುಂಬಿದರೆ ಗಾಳಿಗೆ ಜಾಗವಿಲ್ಲ. ಉಸಿರಿಲ್ಲದ ಬೇರು ಮೊದಲು ಕಂದುತ್ತದೆ, ಆಮೇಲೆ ಬುಡದ ತಟ್ಟೆ ಮೆತ್ತಗಾಗುತ್ತದೆ, ಅಲ್ಲಿಂದ ಫ್ಯುಸೇರಿಯಂನಂತಹ ಶಿಲೀಂಧ್ರ ಒಳಹೋಗುತ್ತದೆ. ಇನ್ನೊಂದು ಹಾನಿ ಹೆಪ್ಪುಗಟ್ಟುವಾಗ ಆಗುತ್ತದೆ. ತೇವ ತುಂಬಿದ ಮಣ್ಣು ಹಗಲು ಕರಗಿ ರಾತ್ರಿ ಗಟ್ಟಿಯಾಗುತ್ತ ಉಬ್ಬುತ್ತದೆ. ಪ್ರತಿ ಉಬ್ಬರಕ್ಕೂ ಗಡ್ಡೆ ಕೂದಲೆಳೆಯಷ್ಟು ಮೇಲೇಳುತ್ತ, ಬೇರು ಹರಿಯುತ್ತ, ಫೆಬ್ರವರಿ ಹೊತ್ತಿಗೆ ಮಣ್ಣಿನ ಮೇಲೆಯೇ ಕಾಣಿಸಿಕೊಳ್ಳುತ್ತದೆ. ನೀರು ಬಸಿದುಹೋಗುವ ಮಣ್ಣಿನಲ್ಲಿ ಈ ಎರಡೂ ತೊಂದರೆ ಅಪರೂಪ.

ನಿಮ್ಮ ಮಣ್ಣು ಹೇಗಿದೆ ಎಂದು ಪರೀಕ್ಷಿಸಲು 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ನೀರು ತುಂಬಿ ಬಸಿಯಲು ಬಿಡಿ. ಮತ್ತೊಮ್ಮೆ ತುಂಬಿ. ಎರಡನೆಯ ಸಲ ಗಂಟೆಗೆ 3–5 ಸೆಂಟಿಮೀಟರಾದರೂ ಇಳಿದರೆ ನೆಡಬಹುದು. ಮರುದಿನವೂ ನೀರು ನಿಂತಿದ್ದರೆ ಆ ಜಾಗದಲ್ಲಿ ನೆಲದ ಮೇಲೆ 20–25 ಸೆಂಟಿಮೀಟರ್ ಎತ್ತರದ ಏರುಮಡಿ ಕಟ್ಟಿ. ಮೇಲ್ಮಣ್ಣು ಎರಡು ಪಾಲು, ಒರಟು ಮರಳು ಅಥವಾ 3–6 ಮಿಲಿಮೀಟರಿನ ಸಣ್ಣ ಜಲ್ಲಿ ಒಂದು ಪಾಲು ಬೆರೆಸಿ. ಮಕ್ಕಳ ಆಟದ ನಯವಾದ ಮರಳು ಬೇಡ, ಅದು ಜೇಡಿಯೊಂದಿಗೆ ಸೇರಿ ಗಾರೆಯಾಗುತ್ತದೆ. ಗುಂಡಿಯ ತಳದಲ್ಲಿ ಮಾತ್ರ ಜಲ್ಲಿ ಹಾಸುವ ರೂಢಿಯಿದೆ. ಸುತ್ತಲೂ ಜೇಡಿಯಿದ್ದರೆ ಆ ಗುಂಡಿಯೇ ಬಾವಿಯಾಗಿ ನೀರು ಹಿಡಿಯುತ್ತದೆ, ಆದ್ದರಿಂದ ಇಡೀ ಮಡಿಯ ಮಣ್ಣನ್ನೇ ಹದ ಮಾಡುವುದು ಸರಿ. ಹಸಿ ಕೊಟ್ಟಿಗೆ ಗೊಬ್ಬರವನ್ನಂತೂ ಗಡ್ಡೆಯ ಹತ್ತಿರ ತರಲೇಬಾರದು.

ನೆಡುವಾಗ

ಗಡ್ಡೆಯ ಗಾತ್ರವನ್ನು ಸುತ್ತಳತೆಯಲ್ಲಿ ಹೇಳುತ್ತಾರೆ. ಗೈಗ್ಯಾಂಟಿಯಂ ಗಡ್ಡೆ 20 ಸೆಂಟಿಮೀಟರ್ ಸುತ್ತಳತೆಗಿಂತ ಕಡಿಮೆಯಿದ್ದರೆ ಮೊದಲ ವರ್ಷ ಹೂವಿನ ಭರವಸೆ ಇಲ್ಲ. ‘ಪರ್ಪಲ್ ಸೆನ್ಸೇಶನ್’ಗೆ 12 ಸಾಕು. ಸ್ಫೆರೋಸೆಫಲಾನ್‌ಗೆ 4–5 ಇದ್ದರೂ ಹೂ ಬರುತ್ತದೆ. ಕೈಗೆತ್ತಿಕೊಂಡಾಗ ಗಡ್ಡೆ ಭಾರವಾಗಿರಬೇಕು, ಹೆಬ್ಬೆರಳಿನಲ್ಲಿ ಬುಡವನ್ನು ಒತ್ತಿದರೆ ತಗ್ಗಬಾರದು. ಹೊರಸಿಪ್ಪೆಯ ಮೇಲಿನ ನೀಲಿಹಸಿರು ಬೂಷ್ಟನ್ನು ಬಟ್ಟೆಯಲ್ಲಿ ಒರೆಸಿ ನೆಡಬಹುದು. ಬುಡ ಮೆತ್ತಗಿದ್ದರೆ ಮಾತ್ರ ಬಿಟ್ಟುಬಿಡಿ.

ಕಾಲ: ರಾತ್ರಿಗಳು 10 ಡಿಗ್ರಿಯೊಳಗೆ ಇಳಿದ ಮೇಲೆ. ಮಿಷಿಗನ್, ಒಂಟಾರಿಯೊ ಕಡೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಪೂರ್ತಿ, ನ್ಯೂಜೆರ್ಸಿ ಮತ್ತು ದಕ್ಷಿಣ ಇಂಗ್ಲೆಂಡ್‌ನಲ್ಲಿ ನವೆಂಬರ್ ಮಧ್ಯದವರೆಗೆ. ಗುದ್ದಲಿ ಇಳಿಯುವಷ್ಟು ದಿನ ತಡವಾದರೂ ನೆಡಬಹುದು, ಒಣಗಡ್ಡೆಯನ್ನು ಮನೆಯಲ್ಲಿಟ್ಟು ಮುಂದಿನ ವರ್ಷಕ್ಕೆ ಕಾಯುವುದಕ್ಕಿಂತ ಅದು ಮೇಲು.

ಆಳ: ಗಡ್ಡೆಯ ಎತ್ತರದ ಮೂರುಪಟ್ಟು, ಅಳತೆ ಗಡ್ಡೆಯ ಬುಡದಿಂದ. ಗೈಗ್ಯಾಂಟಿಯಂಗೆ 18–20 ಸೆಂಟಿಮೀಟರ್ ಆಳ, ಗಿಡದಿಂದ ಗಿಡಕ್ಕೆ 25–30. ‘ಪರ್ಪಲ್ ಸೆನ್ಸೇಶನ್’, ಕ್ರಿಸ್ಟೋಫಿಗೆ 12–15 ಆಳ, 15–20 ಅಂತರ. ಹಳದಿಯ ಮೋಲಿ, ಗುಲಾಬಿಯ ಓರಿಯೋಫಿಲಂಗೆ 8–10 ಆಳ, 8 ಅಂತರ. ಬೇಗ ಕಾಣಲಿ ಎಂದು ಮೇಲೆಯೇ ನೆಟ್ಟರೆ ಗಡ್ಡೆ ಹಗಲು–ರಾತ್ರಿಯ ಏರಿಳಿತಕ್ಕೆ ಸಿಕ್ಕಿ ಉಬ್ಬರದಲ್ಲಿ ಮೇಲೇಳುತ್ತದೆ, ಎತ್ತರದ ದಂಟು ಮೇ ತಿಂಗಳ ಗಾಳಿಗೆ ವಾಲುತ್ತದೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ಬೋಳುಮರದ ಕೆಳಗೆ ಚಳಿಗಾಲದಲ್ಲಿ ಬಿಸಿಲು ಕಂಡು ಮೋಸಹೋಗಬಾರದು, ಮೇ ಹೊತ್ತಿಗೆ ಅಲ್ಲಿ ದಟ್ಟ ನೆರಳಿರುತ್ತದೆ.

ನೆಟ್ಟೊಡನೆ ಒಮ್ಮೆ ಚೆನ್ನಾಗಿ ನೀರು ಕೊಡಿ. ಬೇರಿಗೆ ಸಿಗುವ ಸೂಚನೆ ಅದು. ಆಮೇಲೆ ಮಳೆ ಬಂದರೆ ಸಾಕು. ಅಳಿಲು, ಇಲಿ, ಜಿಂಕೆಗಳು ಟ್ಯೂಲಿಪ್ ಗಡ್ಡೆಗಳನ್ನು ಹುಡುಕಿ ತಿಂದರೂ ಇವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕಚ್ಚಿದಾಗ ಹೊರಬರುವ ಗಂಧಕದ ಘಾಟು ಅವಕ್ಕೆ ಸೇರದು.

ಹೊದಿಕೆ ಯಾವಾಗ

ಹೊದಿಕೆಯ ಉದ್ದೇಶ ಗಡ್ಡೆಯನ್ನು ಬೆಚ್ಚಗಿಡುವುದು ಎಂದೇ ಬಹಳ ಜನ ನಂಬಿದ್ದಾರೆ. ಹಾಗೆಂದು ಅಕ್ಟೋಬರ್‌ನಲ್ಲೇ ದಪ್ಪ ಎಲೆರಾಶಿ ಹಾಕಿದರೆ ಮಣ್ಣು ತಂಪಾಗುವುದು ತಡವಾಗುತ್ತದೆ, ಇಲಿಗಳು ಅಲ್ಲಿ ಗೂಡು ಮಾಡುತ್ತವೆ, ಎಲೆ ಒದ್ದೆಯಾಗಿ ಚಾಪೆಯಂತೆ ಕೂತು ಬುಡ ಕೊಳೆಯುತ್ತದೆ. ನೆಲದ ಮೇಲಿನ ಎರಡು–ಮೂರು ಸೆಂಟಿಮೀಟರ್ ಗಟ್ಟಿಯಾಗುವವರೆಗೆ ಕಾದು, ಆಮೇಲೆ ಹೊದಿಸಿ. ಆಗ ಹೊದಿಕೆ ಮಾಡುವ ಕೆಲಸ ಹೆಪ್ಪುಗಟ್ಟಿದ್ದನ್ನು ಹಾಗೆಯೇ ಉಳಿಸುವುದು, ಅಂದರೆ ಪದೇ ಪದೇ ಕರಗಿ ಉಬ್ಬದಂತೆ ತಡೆಯುವುದು. ಪೈನ್ ಎಲೆ, ಒಣಹುಲ್ಲು, ಚೂರು ಮಾಡಿದ ಎಲೆ 5–8 ಸೆಂಟಿಮೀಟರ್ ಸಾಕು. ಮಾರ್ಚ್‌ನಲ್ಲಿ ಮೊಳಕೆ ಇಣುಕಿದ ಕೂಡಲೇ ಅರ್ಧ ಸರಿಸಿ, ವಾರ ಬಿಟ್ಟು ಪೂರ್ತಿ ತೆಗೆಯಿರಿ. ಚಿಕ್ಕ ಜಾತಿಗಳಿಗೆ ಎಲೆಹೊದಿಕೆಗಿಂತ ಎರಡು ಸೆಂಟಿಮೀಟರ್ ಜಲ್ಲಿಯ ಹಾಸು ಒಳ್ಳೆಯದು, ಕತ್ತಿನ ಸುತ್ತ ನೀರು ನಿಲ್ಲುವುದಿಲ್ಲ.

ಕುಂಡದಲ್ಲಿ

ಅಪಾರ್ಟ್‌ಮೆಂಟಿನವರಿಗೆ ಕುಂಡವೇ ಗತಿ. ನೆಲದಲ್ಲಿ ಚಳಿ ಮೇಲಿನಿಂದ ಮಾತ್ರ ಇಳಿದರೆ ಕುಂಡಕ್ಕೆ ಆರೂ ಕಡೆಯಿಂದ ತಾಗುತ್ತದೆ, ಗಡ್ಡೆಗಿಂತ ಬೇರು ಬೇಗ ಸಾಯುತ್ತದೆ. ಕುಂಡದ ಗಿಡವನ್ನು ನಿಮ್ಮ ಊರಿಗಿಂತ ಎರಡು ವಲಯ ಹೆಚ್ಚು ಚಳಿ ತಡೆಯುವ ಜಾತಿಯಿಂದ ಆರಿಸಬೇಕು ಎಂಬುದು ತೋಟಗಾರರ ರೂಢಿಯ ಲೆಕ್ಕ. 30 ಸೆಂಟಿಮೀಟರ್ ಆಳ, ಅಷ್ಟೇ ಅಗಲದ ಕುಂಡದಲ್ಲಿ ‘ಪರ್ಪಲ್ ಸೆನ್ಸೇಶನ್’ ಐದು ಗಡ್ಡೆ ಹಿಡಿಯುತ್ತವೆ. ಬಿಸಿ ಮಾಡದ ಗ್ಯಾರೇಜ್ ಇದಕ್ಕೆ ಹೇಳಿಮಾಡಿಸಿದ ಜಾಗ. ಅಲ್ಲಿ ಮಣ್ಣು ಮುಟ್ಟಿದರೆ ಒಣಗಿದಂತೆ ಅನಿಸಿದಾಗ, ಸುಮಾರಾಗಿ ಮೂರು–ನಾಲ್ಕು ವಾರಕ್ಕೊಮ್ಮೆ, ಒಂದು ಲೋಟ ನೀರು. ಪೂರ್ತಿ ಒಣಗಲು ಬಿಟ್ಟರೆ ಬೇರು ಸುಟ್ಟುಹೋಗುತ್ತದೆ. ಮನೆಯೊಳಗೆ, ಬಿಸಿಯಿರುವ ಕೋಣೆಯಲ್ಲಿ ಇಟ್ಟರೆ ಜನವರಿಯಲ್ಲೇ ಎಲೆ ಬಂದು ಹೂವಿಲ್ಲದೆ ಮಲಗುತ್ತದೆ.

ಅಪರೂಪದ ಜಾತಿಗಳು

ಅಂಗಡಿಯ ಚೀಲದಲ್ಲಿ ಸಿಗದ ಜಾತಿಗಳಲ್ಲಿ ಅಕಾಕಾ ಒಂದು. ಪೂರ್ವ ಟರ್ಕಿ, ಅರ್ಮೇನಿಯ, ವಾಯವ್ಯ ಇರಾನಿನ ಕಲ್ಲುಜಾರುಗಳಲ್ಲಿ ಬೆಳೆಯುವ ಇದಕ್ಕೆ ನೆಲಕ್ಕೆ ಒತ್ತಿಕೊಂಡ ಒಂದೆರಡು ಅಗಲ ಎಲೆ, ಅದರ ನಡುವೆ ದಂಟೇ ಇಲ್ಲವೆನ್ನುವಂತೆ ಕೂತ ಗುಲಾಬಿ ಚೆಂಡು. ಅಫ್ಘಾನಿಸ್ತಾನದ ಮೀರಂನದೂ ಇಂಥದ್ದೇ ನಿಲುವು. ಇವುಗಳಿಗೆ ಮೈನಸ್ 20ರ ಭಯವಿಲ್ಲ, ಜುಲೈ ತಿಂಗಳ ಮಳೆಯ ಭಯವಿದೆ. ನ್ಯೂಯಾರ್ಕಿನಲ್ಲಿ, ಇಂಗ್ಲೆಂಡಿನಲ್ಲಿ ಬೇಸಿಗೆಯಲ್ಲೂ ಮಳೆ ಸುರಿಯುವುದರಿಂದ ಬಯಲಲ್ಲಿ ನೆಟ್ಟರೆ ಮಲಗಿದ ಗಡ್ಡೆ ಕೊಳೆಯುತ್ತದೆ. ಅದಕ್ಕೇ ಇವನ್ನು ಬೆಳೆಯುವವರು ನಾಲ್ಕು ಗೋಡೆಯ ಏರುಮಡಿ ಕಟ್ಟಿ, ಅರ್ಧ ಮಣ್ಣು ಅರ್ಧ ಜಲ್ಲಿ ತುಂಬಿ, ಮೇಲೆ ಗಾಜಿನ ಮುಚ್ಚಳ ಕೂರಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಳ ಮುಚ್ಚಿಯೇ ಇರುತ್ತದೆ, ಬದಿಗಳಿಂದ ಗಾಳಿ ಮಾತ್ರ ಆಡುತ್ತದೆ. ಅಕ್ಟೋಬರ್ ಆರಂಭದಲ್ಲಿ ಒಂದು ಸಲ ಮಣ್ಣು ಪೂರ್ತಿ ನೆನೆಯುವಂತೆ ನೀರು. ಆಮೇಲೆ ವಸಂತದವರೆಗೆ ಹದವಾಗಿ ತೇವ. ಸುಲಭದ ದಾರಿ ಬೇಕಾದರೆ ಮಣ್ಣಿನ ಕುಂಡದಲ್ಲಿ ನೆಟ್ಟು, ಆ ಕುಂಡವನ್ನು ಮರಳಿನ ಮಡಿಯಲ್ಲಿ ಕಂಠದವರೆಗೆ ಹೂತಿಡಿ. ಎಲೆ ಒಣಗಿದ ಮೇಲೆ ಕುಂಡವನ್ನೆತ್ತಿ ಮಳೆ ತಾಗದ ಮಾಡಿನ ಕೆಳಗೆ ಸರಿಸಿದರಾಯಿತು.

ಇಂಥ ಜಾತಿಗಳನ್ನು ಬೀಜದಿಂದ ಬೆಳೆಸುವುದೇ ಒಳ್ಳೆಯ ದಾರಿ. ಮಧ್ಯ ಏಷ್ಯಾದಲ್ಲಿ ಕಾಡು ಆಲಿಯಂಗಳು ಊಟದ ವಸ್ತುಗಳೂ ಹೌದು. ಸುವೊರೊವಿ, ಸ್ಟಿಪಿಟೇಟಂ ಗಡ್ಡೆಗಳನ್ನು ‘ಅಂಜೂರ್’ ಎಂಬ ಹೆಸರಿನಲ್ಲಿ ಉಪ್ಪಿನಲ್ಲಿ ಹಾಕಿ ಮಾರುತ್ತಾರೆ (ನಮ್ಮ ಅಂಜೂರ ಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ). ಜನರ ಹೊಟ್ಟೆಪಾಡಿಗೆ ಬೇಕಾದ ಗಡ್ಡೆಯನ್ನೇ ನಮ್ಮ ಹಿತ್ತಿಲಿನ ಚೆಂದಕ್ಕೂ ಬೆಟ್ಟದಿಂದ ಕಿತ್ತು ತರಿಸುವುದು ಸರಿಯಲ್ಲ. ಕೊಳ್ಳುವಾಗ ನರ್ಸರಿಯಲ್ಲೇ ಬೆಳೆದದ್ದೇ ಎಂದು ಕೇಳಿ.

ಬೀಜ ಕಪ್ಪಗೆ, ಮೂಲೆಮೂಲೆಯಾಗಿ, ಈರುಳ್ಳಿ ಬೀಜದಂತೆಯೇ ಇರುತ್ತದೆ. ಎರಡು–ಮೂರು ವರ್ಷಕ್ಕೆ ಜೀವ ಕಳೆದುಕೊಳ್ಳುತ್ತದೆ, ಹಾಗಾಗಿ ಅದೇ ವರ್ಷದ ಬೀಜ ಬೇಕು. ಅಕ್ಟೋಬರ್‌ನಲ್ಲಿ 10–12 ಸೆಂಟಿಮೀಟರ್ ಆಳದ ಕುಂಡದಲ್ಲಿ ಬಿತ್ತಿ, ಮೇಲೆ ಒಂದು ಸೆಂಟಿಮೀಟರ್ ಸಣ್ಣ ಜಲ್ಲಿ ಹಾಸಿ, ಬಯಲಲ್ಲೇ ಇಡಿ. ದೊಡ್ಡ ಚೆಂಡಿನ ಜಾತಿಗಳ ಬೀಜ ಮೊಳೆಯುವುದೇ ಚಳಿಯಲ್ಲಿ, ಬೆಚ್ಚಗಿನ ಕೋಣೆಯಲ್ಲಿಟ್ಟರೆ ವರ್ಷವಾದರೂ ಅಲುಗಾಡುವುದಿಲ್ಲ. ಬಯಲು ಇಲ್ಲದವರು ತೇವದ ಮರಳಿನಲ್ಲಿ ಬೆರೆಸಿ 4 ಡಿಗ್ರಿಯ ಫ್ರಿಜ್ಜಿನಲ್ಲಿ ಎರಡು–ನಾಲ್ಕು ತಿಂಗಳು ಇಟ್ಟು, ಬಿಳಿ ಬೇರು ಕಂಡ ಕೂಡಲೇ ಕುಂಡಕ್ಕೆ ಇಳಿಸಬಹುದು. ಮೊದಲ ವರ್ಷ ಬರುವುದು ದಾರದಂಥ ಒಂದೇ ಎಲೆ. ಮೇ–ಜೂನ್‌ಗೆ ಅದು ಒಣಗಿದಾಗ ಸತ್ತಿತೆಂದು ಕುಂಡ ಸುರಿಯುವವರೇ ಹೆಚ್ಚು. ಕೆಳಗೆ ಕಡಲೆಕಾಳಿಗಿಂತ ಚಿಕ್ಕ ಗಡ್ಡೆ ಇರುತ್ತದೆ, ಎರಡು ವರ್ಷ ಅದನ್ನು ಕದಲಿಸಬೇಡಿ. ಹೂ ಕಾಣಲು ಮೂರರಿಂದ ಐದು ವರ್ಷ, ಗೈಗ್ಯಾಂಟಿಯಂಗೆ ಅದಕ್ಕೂ ಹೆಚ್ಚು.

ನಮ್ಮ ಹಿಮಾಲಯದಲ್ಲೂ ಚಳಿ ಬೇಡುವ ಆಲಿಯಂಗಳಿವೆ. ಉತ್ತರಾಖಂಡದ ಚಮೋಲಿ ಜಿಲ್ಲೆಯ ನೀತಿ ಕಣಿವೆಯಲ್ಲಿ 3,000 ಮೀಟರಿಗೂ ಮೇಲೆ ಬೆಳೆಯುವ ಒಂದು ಜಾತಿಯನ್ನು 2021ರಲ್ಲಿ ನೇಗಿಯಾನಂ ಎಂಬ ಹೆಸರಿನಲ್ಲಿ ಹೊಸ ಪ್ರಭೇದವೆಂದು ವಿಜ್ಞಾನಿಗಳು ವರ್ಣಿಸಿದರು. ಸ್ಥಳೀಯರು ಅದನ್ನು ಒಗ್ಗರಣೆಗೆ ಮೊದಲಿನಿಂದಲೂ ಬಳಸುತ್ತಿದ್ದರು.

ವಸಂತ ಬಂದ ಮೇಲೆ

ಎಲೆ ಎದ್ದ ಮೇಲೆ ಬೀಳುವ ಹಿಮಕ್ಕೆ ಗಾಬರಿಯಾಗಬೇಡಿ. ಬೆಳಗ್ಗೆ ನೀರು ಕುಡಿದಂತೆ ಕಪ್ಪಗೆ ಜೋತುಬಿದ್ದ ಎಲೆ ಬಿಸಿಲು ಏರಿದ ಮೇಲೆ ನೆಟ್ಟಗಾಗುತ್ತದೆ. ಹೆಪ್ಪುಗಟ್ಟಿರುವಾಗ ಮುಟ್ಟಬಾರದು, ಅಷ್ಟೇ. ಮೊಗ್ಗು ಪೊರೆಯಿಂದ ಹೊರಬಂದ ಮೇಲೆ ಕಡುಹಿಮದ ಸೂಚನೆ ಇದ್ದರೆ ರಾತ್ರಿ ಒಂದು ಹಳೆಯ ಬಟ್ಟೆ ಹೊದಿಸಿ.

ಮೊಳಕೆ ಕಂಡಾಗ ಒಮ್ಮೆ ಸಾರಜನಕ ಕಡಿಮೆಯಿರುವ ಗೊಬ್ಬರ, ಉದಾಹರಣೆಗೆ 5-10-10 (ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪ್ರಮಾಣ), ಚದರ ಮೀಟರಿಗೆ ಸುಮಾರು 50 ಗ್ರಾಂ ಕೊಟ್ಟರೆ ಸಾಕು. ಸಾರಜನಕ ಹೆಚ್ಚಾದರೆ ಎಲೆ ಮೆತ್ತಗಾಗಿ ರೋಗ ಹಿಡಿಯುತ್ತದೆ.

ಹೂ ಅರಳುವ ಹೊತ್ತಿಗೆ ಎಲೆಯ ತುದಿ ಒಣಗುವುದು ಈ ಗಿಡದ ಸ್ವಭಾವ, ರೋಗವಲ್ಲ. ನೋಡಲು ಚೆನ್ನಾಗಿಲ್ಲವೆಂದು ಕತ್ತರಿಸಬಾರದು. ಹಳೆಯ ಗಡ್ಡೆ ಪ್ರತಿ ವರ್ಷ ಕರಗಿ ಅದರ ಜಾಗದಲ್ಲಿ ಹೊಸದು ಹುಟ್ಟುತ್ತದೆ, ಆ ಹೊಸ ಗಡ್ಡೆ ತುಂಬುವುದು ಈ ಎಲೆಗಳಿಂದ. ಎಲೆ ಕತ್ತರಿಸಿದವರ ತೋಟದಲ್ಲಿ ಎರಡನೇ ವರ್ಷ ಚಿಕ್ಕ ಹೂ, ಮೂರನೇ ವರ್ಷ ಬರಿಯ ಎಲೆ. ಒಣಎಲೆ ಕಾಣಬಾರದೆಂದಿದ್ದರೆ ಮುಂದೆ ಮೊಣಕಾಲೆತ್ತರದ ಬೇರೆ ಗಿಡ ಬೆಳೆಸಿ.

ಮೂರು–ನಾಲ್ಕು ವರ್ಷಕ್ಕೊಮ್ಮೆ, ಎಲೆ ಪೂರ್ತಿ ಹಳದಿಯಾದಾಗ ಗಡ್ಡೆ ಅಗೆದು ಬಿಡಿಸಬಹುದು. ಅಗೆದದ್ದನ್ನು 20–25 ಡಿಗ್ರಿಯ ಗಾಳಿಯಾಡುವ ಜಾಗದಲ್ಲಿ ಒಣಗಿಸಿಡಿ. ಮುಂದಿನ ಹೂಮೊಗ್ಗು ಮೂಡುವುದು ಈ ಬೆಚ್ಚಗಿನ ನಿದ್ದೆಯಲ್ಲಿ, ಆದ್ದರಿಂದ ಅಗೆದ ಕೂಡಲೇ ಫ್ರಿಜ್ಜಿಗೆ ಹಾಕಿದರೆ ಕೆಟ್ಟಿತು.

ರೋಗಗಳಲ್ಲಿ ಹೆದರಬೇಕಾದ್ದು ಬಿಳಿ ಕೊಳೆ. ಎಲೆ ಹೊತ್ತಿಗೆ ಮುಂಚೆ ಹಳದಿಯಾಗಿ, ಕಿತ್ತರೆ ಬುಡದಲ್ಲಿ ಹತ್ತಿಯಂಥ ಬಿಳಿ ಬೂಷ್ಟು, ಅದರ ನಡುವೆ ಸಾಸಿವೆಗಿಂತ ಚಿಕ್ಕ ಕಪ್ಪು ಕಾಳುಗಳು. ಆ ಕಾಳುಗಳು ಮಣ್ಣಿನಲ್ಲಿ 20 ವರ್ಷ ಜೀವ ಹಿಡಿದಿರಬಲ್ಲವು. ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಆ ಜಾಗದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲಿಯಂ ಯಾವುದನ್ನೂ ಮತ್ತೆ ಬೆಳೆಯುವಂತಿಲ್ಲ. ಅಮೆರಿಕದ ಪೂರ್ವ ಭಾಗದವರು ಇನ್ನೊಂದನ್ನು ಗಮನಿಸಬೇಕು: ಎಲೆಯ ತುದಿಯಲ್ಲಿ ಸಾಲಾಗಿ ಬಿಳಿ ಚುಕ್ಕೆ ಕಂಡರೆ ಅದು ಆಲಿಯಂ ಎಲೆಕೊರಕ ನೊಣ. 2015ರಲ್ಲಿ ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಮೊದಲು ಪತ್ತೆಯಾದ ಇದು ಮಾರ್ಚ್–ಏಪ್ರಿಲ್‌ನಲ್ಲಿ ಹಾರುತ್ತದೆ. ಆ ದಿನಗಳಲ್ಲಿ ಸಣ್ಣ ಕಣ್ಣಿನ ಬಲೆ ಹೊದಿಸುವುದೇ ಉಪಾಯ.

ಬೆಂಗಳೂರಿನಲ್ಲಿ ಬೆಳೆಯಬಹುದೇ

ಬೆಂಗಳೂರಿನ ಡಿಸೆಂಬರ್–ಜನವರಿಯ ಕನಿಷ್ಠ ಉಷ್ಣತೆ ಸರಾಸರಿ 15–16 ಡಿಗ್ರಿ. ಈ ಗಡ್ಡೆಗಳಿಗೆ ಅದು ಚಳಿಯೇ ಅಲ್ಲ. ಫ್ರಿಜ್ಜಿನ ದಾರಿಯೊಂದಿದೆ: ಸೆಪ್ಟೆಂಬರ್ ಮಧ್ಯದಲ್ಲಿ ಗಡ್ಡೆಯನ್ನು ಕುಂಡದಲ್ಲಿ ನೆಟ್ಟು, ಮಣ್ಣನ್ನು ತೇವವಾಗಿಟ್ಟು, 4–5 ಡಿಗ್ರಿಯಲ್ಲಿ 14–16 ವಾರ. ಜೊತೆಗೆ ಸೇಬು, ಬಾಳೆಹಣ್ಣು ಇಡಬಾರದು, ಅವು ಬಿಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸಾಯುತ್ತದೆ. ಜನವರಿ ಆರಂಭದಲ್ಲಿ ಹೊರಗೆ ತಂದರೆ ಸೆಖೆ ಏರುವ ಮೊದಲು ಹೂ ಬರುವ ಸಾಧ್ಯತೆ ಇದೆ. ದಂಟು ಗಿಡ್ಡವಾಗಿರುತ್ತದೆ, ಗಡ್ಡೆ ಎರಡನೇ ವರ್ಷಕ್ಕೆ ಉಳಿಯುವುದಿಲ್ಲ ಎಂದೇ ಇಟ್ಟುಕೊಳ್ಳಿ. ಇಷ್ಟೆಲ್ಲ ಖರ್ಚಿಗೆ ಅದು ತಕ್ಕುದಲ್ಲ ಎಂಬುದು ನನ್ನ ಅನಿಸಿಕೆ.

ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಗಡ್ಡೆ ತರುವುದಂತೂ ಬೇಡ. ಭಾರತದ 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದ ಪ್ರಕಾರ ನೆಡುವ ಗಡ್ಡೆಗಳಿಗೆ ಆಮದು ಪರವಾನಗಿ ಮತ್ತು ಹೊರಟ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಬಿಳಿ ಕೊಳೆ ಅಂಟಿದ ಒಂದೇ ಗಡ್ಡೆ ಈರುಳ್ಳಿ ಬೆಳೆಯುವ ಹೊಲಕ್ಕೆ ಏನು ಮಾಡಬಲ್ಲದು ಎಂಬುದನ್ನು ಮೇಲೆ ನೋಡಿದೆವು.

ಇದೇ ಬಗೆಯ ಹೂ ಬೇಕೆನ್ನುವ ಬೆಂಗಳೂರು, ಮೈಸೂರಿನವರಿಗೆ ಎರಡು ಗಿಡಗಳು ಚಳಿಯ ಹಂಗಿಲ್ಲದೆ ಒದಗುತ್ತವೆ. ಒಂದು, ಬಿಳಿ ನಕ್ಷತ್ರದಂಥ ಹೂಗಳ ಟ್ಯೂಬರೋಸಂ, ಅಡುಗೆಗೂ ಬಳಸುವ ಚೀನೀ ಚೈವ್ಸ್. ಇನ್ನೊಂದು ದಕ್ಷಿಣ ಆಫ್ರಿಕದ ತುಲ್ಬಾಘಿಯ ವಯೊಲೇಸಿಯ. ಆಲಿಯಂ ಕುಲಕ್ಕೆ ಸೇರದಿದ್ದರೂ ಹತ್ತಿರದ ಬಂಧು, ತಿಳಿನೇರಳೆ ಹೂ, ಎಲೆ ಹಿಸುಕಿದರೆ ಬೆಳ್ಳುಳ್ಳಿ ವಾಸನೆ. 25 ಸೆಂಟಿಮೀಟರಿನ ಕುಂಡ, ಆರು ಗಂಟೆ ಬಿಸಿಲು, ಮೇಲ್ಮಣ್ಣು ಒಣಗಿದಾಗ ನೀರು. ತೆಂಡೆ ಕುಂಡ ತುಂಬಿ ಹೂ ಕಡಿಮೆಯಾದಾಗ ಮಳೆಗಾಲದ ಆರಂಭದಲ್ಲಿ ಅಗೆದು, ಮೂರು–ನಾಲ್ಕು ಕವಲಿನ ತುಂಡುಗಳಾಗಿ ಬಿಡಿಸಿ ನೆಡಿ.